ಹಣ ಕೊಟ್ಟು ಬಿಡಿಸಿದರೆ ಅದು ರಕ್ಷಣೆಯೇ?

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ನಂಬುವ ನಾಡು ನಮ್ಮದು. ಅದರಾಚೆಗೆ ಹಲ್ಲಿ, ಓತಿಕ್ಯಾತಗಳ ಸುಖದುಃಖವನ್ನು ಯಾರೂ ವಿಚಾರಿಸಿದ್ದಿಲ್ಲ. ಹಾಗೆ ವಿಚಾರಿಸದೆ ಬಿಟ್ಟದ್ದೇ ಅವುಗಳ ಪಾಲಿಗೆ ಒಳಿತಾಗಿತ್ತು ಎಂದು ಈಗ ಅನಿಸುತ್ತಿದೆ. ಏಕೆಂದರೆ ಇಂದು ನಮ್ಮ ನಗರಗಳಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗ್ವಾನಾ, ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್‌ನಂತಹ ಹಲ್ಲಿ ಜಾತಿಯ ಜೀವಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವುದು ಒಂದು ಶೋಕಿಯಾಗಿದೆ. ಆ ಶೋಕಿಯ ಬೆನ್ನಿಗೇ ಇನ್ನೊಂದು ಅಭ್ಯಾಸವೂ ಬೆಳೆದಿದೆ. ಅಂಗಡಿಯ ಮೂಲೆಯಲ್ಲಿ ಬಡಕಲಾಗಿ ಬಿದ್ದಿರುವ ಪ್ರಾಣಿಯನ್ನು ಕಂಡು ಮರುಗಿ, ಅರ್ಧ ಬೆಲೆಗೆ ಕೊಂಡು ತಂದು, 'ಒಂದು ಜೀವ ಉಳಿಸಿದೆವು' ಎಂದು ಸಮಾಧಾನಪಟ್ಟುಕೊಳ್ಳುವುದು. ಆ ಮರುಕ ಪ್ರಾಮಾಣಿಕವಾದುದೇ ಇರಬಹುದು. ಆದರೆ ಆ ಕೆಲಸಕ್ಕೆ ರಕ್ಷಣೆ ಎಂಬ ಹೆಸರು ಸಲ್ಲುತ್ತದೆಯೇ?

ಮೊದಲು ಆ ಪ್ರಾಣಿ ಕಾಯಿಲೆ ಬಿದ್ದದ್ದು ಹೇಗೆ ಎಂದು ನೋಡೋಣ. ಇಗ್ವಾನಾ ಹಗಲು ಬಿಸಿಲಿಗೆ ಮೈಯೊಡ್ಡಿ ಬದುಕುವ ಪ್ರಾಣಿ. ಬಿಸಿಲಿನ ಅತಿನೇರಳೆ-ಬಿ ಕಿರಣಗಳು ಚರ್ಮಕ್ಕೆ ತಾಗಿದಾಗ ಅದರ ದೇಹ ವಿಟಮಿನ್ ಡಿ-3 ತಯಾರಿಸುತ್ತದೆ. ಅದಿಲ್ಲದಿದ್ದರೆ ತಿಂದ ಆಹಾರದಲ್ಲಿನ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಗಾಜು ಈ ಕಿರಣಗಳನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಹೀಗಾಗಿ ಕಿಟಕಿಯ ಪಕ್ಕದಲ್ಲಿಟ್ಟ ಗಾಜಿನ ಪೆಟ್ಟಿಗೆಯೂ ಅದಕ್ಕೆ ಕತ್ತಲೆ ಕೋಣೆಯಂತೆಯೇ. ಕ್ಯಾಲ್ಸಿಯಂ ಸಿಗದ ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳತೊಡಗುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲುಗಳು ಊದುತ್ತವೆ, ಬೆರಳುಗಳು ಅದುರುತ್ತವೆ, ಸುಮ್ಮನೆ ಹತ್ತಿ ಇಳಿದರೂ ಮೂಳೆ ಮುರಿಯುತ್ತದೆ. ಇಗ್ವಾನಾ ಸೊಪ್ಪು ತಿನ್ನುವ ಪ್ರಾಣಿ ಎಂಬುದನ್ನೂ ತಿಳಿಯದೆ ಮಾಂಸ, ಮೊಟ್ಟೆ ಹಾಕುವವರಿದ್ದಾರೆ. ಅದರಿಂದ ಮೂತ್ರಪಿಂಡ ಹಾಳಾಗುತ್ತದೆ. ಇವೆಲ್ಲ ಎಲ್ಲಿಂದಲೋ ಅಂಟಿಕೊಂಡು ಬಂದ ರೋಗಗಳಲ್ಲ. ಸರಿಯಾದ ಬಲ್ಬು, ಸರಿಯಾದ ಸೊಪ್ಪು, ಸಾಕಷ್ಟು ಜಾಗ ಕೊಡಲಾರದವರು ಮಾಡಿದ ರೋಗಗಳು.

ಹೀಗೆ ಕಾಯಿಲೆ ಬೀಳಿಸಿದ ಪ್ರಾಣಿಯನ್ನು ಕನಿಕರದ ಗಿರಾಕಿಯೊಬ್ಬ ಕೊಂಡಾಗ ಏನಾಗುತ್ತದೆ? ಸತ್ತರೆ ಪೂರ್ತಿ ನಷ್ಟವಾಗಬೇಕಿದ್ದ ಸರಕು ಅರ್ಧ ಬೆಲೆಗಾದರೂ ಹೋಯಿತು. ಬಲ್ಬಿನ ಖರ್ಚೂ ಉಳಿಯಿತು, ವೈದ್ಯರ ಖರ್ಚೂ ಉಳಿಯಿತು. ಖಾಲಿಯಾದ ಪೆಟ್ಟಿಗೆಗೆ ಮುಂದಿನ ವಾರ ಇನ್ನೊಂದು ಮರಿ ಬಂತು. ವ್ಯಾಪಾರಿಗೆ ಗಿರಾಕಿಯ ಮನಸ್ಸು ಬೇಕಿಲ್ಲ, ಹಣ ಬಂದರೆ ಸಾಕು. ಶೋಕಿಗೆ ಕೊಟ್ಟ ನೋಟಿಗೂ ಮರುಕದಿಂದ ಕೊಟ್ಟ ನೋಟಿಗೂ ಅವನ ಗಲ್ಲಾಪೆಟ್ಟಿಗೆಯಲ್ಲಿ ವ್ಯತ್ಯಾಸವಿಲ್ಲ. ನಾವು ಒಂದನ್ನು ಬಿಡಿಸಿದೆವೆಂದು ತಿಳಿಯುತ್ತೇವೆ. ನಿಜದಲ್ಲಿ ಮುಂದಿನದಕ್ಕೆ ಮುಂಗಡ ಕೊಟ್ಟು ಬಂದಿರುತ್ತೇವೆ.

'ಹಾಗಾದರೆ ಕಣ್ಣೆದುರಿಗಿರುವುದನ್ನು ಸಾಯಲು ಬಿಡಬೇಕೇ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಖಂಡಿತ ಬಿಡಬಾರದು. ಆದರೆ ಅದಕ್ಕೆ ಹಣ ಕೊಡುವುದೊಂದೇ ದಾರಿಯಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿಯೂ 'ಪ್ರಾಣಿ'ಯೇ. ಅಂದರೆ ಹಲ್ಲಿಯೂ ಪ್ರಾಣಿಯೇ. ಉಪವಾಸ, ಬಾಯಾರಿಕೆ, ಇಕ್ಕಟ್ಟು ಅಥವಾ ದುರುಪಚಾರದಿಂದ ನರಳುತ್ತಿರುವ ಪ್ರಾಣಿಯನ್ನು ಮಾರಾಟಕ್ಕಿಡುವುದೇ ಆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಅಂತಹ ಪ್ರಾಣಿಯನ್ನು ಚಿಕಿತ್ಸಾಲಯಕ್ಕೆ ಕಳಿಸಿದರೆ ಸಾಗಣೆ, ಆರೈಕೆ, ಚಿಕಿತ್ಸೆಯ ಖರ್ಚನ್ನು ಅದರ ಮಾಲೀಕನೇ ಭರಿಸಬೇಕೆಂದು 35ನೇ ಸೆಕ್ಷನ್ ಹೇಳುತ್ತದೆ. ಕಾನೂನು ಯಾರಿಂದ ಹಣ ವಸೂಲು ಮಾಡಬೇಕೆನ್ನುತ್ತದೋ ಅವನ ಕೈಗೇ ನಾವು ಹಣ ಕೊಟ್ಟು ಬರುತ್ತೇವೆ! ಇದೆಂತಹ ರಕ್ಷಣೆ?

ಕಾಯ್ದೆಯಲ್ಲಿ ಬಲವಿಲ್ಲವೆಂಬುದು ನಿಜ. ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ. ದಶಕಗಳು ಕಳೆದರೂ ಈ ಮೊತ್ತವನ್ನು ಏರಿಸಬೇಕೆಂದು ಸಂಸತ್ತಿಗೆ ಅನಿಸಿಲ್ಲ. 'ಓತಿಕ್ಯಾತಕ್ಕೂ ಕೇಸೇ?' ಎಂದು ನಗುವ ಪೊಲೀಸರು ಇರಲಾರರೆಂದು ಹೇಳುವ ಧೈರ್ಯವೂ ನಮಗಿಲ್ಲ. ಆದರೆ ಲಿಖಿತ ದೂರು ದಾಖಲೆಯಾಗಿ ಉಳಿಯುತ್ತದೆ. ಕೊಂಡ ಪ್ರಾಣಿಗೆ ಸಿಗುವುದು ಬಿಲ್ಲು ಮಾತ್ರ. ಅದೂ ಹಲವೆಡೆ ಸಿಗುವುದಿಲ್ಲ.

ಸರಕಾರದ ಪಾಲೂ ಇದರಲ್ಲಿ ಕಡಿಮೆಯೇನಲ್ಲ. ವಿದೇಶಿ ವನ್ಯಜೀವಿಗಳನ್ನು ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲವೆಂದು 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೇಳಿತು. ಲೆಕ್ಕ ಸಿಗಲಿ ಎಂಬುದು ಉದ್ದೇಶವಿರಬಹುದು. ಆದರೆ ಕಳ್ಳದಾರಿಯಲ್ಲಿ ಬಂದದ್ದಕ್ಕೂ ಸಕ್ರಮದ ಬಾಗಿಲು ತೆರೆಯಿತು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು, 2024ರಲ್ಲಿ ನೋಂದಣಿಯ ನಿಯಮಗಳೂ ಬಂದವು. ಈ ನಡುವೆ 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 234 ಜೀವಿಗಳು ಸಿಕ್ಕವು. ಇಗ್ವಾನಾ, ಹೆಬ್ಬಾವು, ಆಮೆಗಳ ಜೊತೆಗೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಅಲ್ಲಿತ್ತು. ಇಷ್ಟೊಂದು ಜೀವಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿ ತರುವವನಿಗೆ ಇಲ್ಲಿ ಗಿರಾಕಿಗಳಿದ್ದಾರೆಂಬ ಭರವಸೆ ಕೊಟ್ಟವರು ಯಾರು?

ಹಾಗೆಂದು ರೋಗಗ್ರಸ್ತ ಪ್ರಾಣಿಗಳನ್ನು ತಂದು ಆರೈಕೆ ಮಾಡುವವರ ಶ್ರಮವನ್ನು ನಾವು ಹಗುರ ಮಾಡುತ್ತಿಲ್ಲ. ಸಾಕಲಾರದವರು ಬಿಟ್ಟುಕೊಟ್ಟದ್ದನ್ನು ಬಿಡಿಗಾಸೂ ಕೊಡದೆ ಪಡೆದು, ಹಸ್ತಾಂತರವನ್ನು ನಿಯಮದಂತೆ ಅರಣ್ಯ ಇಲಾಖೆಗೆ ತಿಳಿಸಿ, ಸರೀಸೃಪ ಬಲ್ಲ ವೈದ್ಯರಿಗೆ ತೋರಿಸಿ, ವರ್ಷಗಟ್ಟಲೆ ನೋಡಿಕೊಳ್ಳುವವರು ನಿಜವಾದ ರಕ್ಷಕರು. ವರ್ಷಗಟ್ಟಲೆ ಎಂಬ ಮಾತನ್ನು ಗಮನಿಸಿ. ಅಂಗೈಯಲ್ಲಿ ಹಿಡಿಸುವ ಇಗ್ವಾನಾ ಮರಿ ಬೆಳೆದರೆ ಬಾಲ ಸೇರಿ ಐದು ಅಡಿಗೂ ಹೆಚ್ಚು ಉದ್ದವಾಗುತ್ತದೆ, ಚೆನ್ನಾಗಿ ಸಾಕಿದರೆ 15-20 ವರ್ಷ ಬದುಕುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ ತಂದದ್ದು ಆ ಮಗು ಕಾಲೇಜು ಮುಗಿಸುವವರೆಗೂ ಮನೆಯಲ್ಲಿರುತ್ತದೆ. ಸಾಕಾಯಿತೆಂದು ಕೆರೆಯ ದಡಕ್ಕೋ ತೋಪಿಗೋ ಬಿಟ್ಟು ಬರುವುದೂ ಬಿಡುಗಡೆಯಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಹಾಗೆ ಬಿಟ್ಟ, ತಪ್ಪಿಸಿಕೊಂಡ ಇಗ್ವಾನಾಗಳೇ ಬೆಳೆದು ಇಂದು ದಂಡೆಯ ತಡೆಗೋಡೆಗಳ ಬುಡವನ್ನು ಕೊರೆಯುತ್ತಿವೆ.

ಆದುದರಿಂದ ನಮ್ಮ ಆಗ್ರಹ ಇಷ್ಟೇ. ದಂಡದ ಮೊತ್ತ ಇಂದಿನ ಕಾಲಕ್ಕೆ ತಕ್ಕಂತೆ ಏರಲಿ. ವಶಪಡಿಸಿಕೊಂಡ ಸರೀಸೃಪಗಳಿಗೆ ಬಿಸಿಲು, ಬಲ್ಬು, ವೈದ್ಯರಿರುವ ಸರಕಾರಿ ನೆಲೆಗಳಾಗಲಿ. ಪಶುವೈದ್ಯರಿಗೆ ಈ ಜೀವಿಗಳ ಚಿಕಿತ್ಸೆಯ ತರಬೇತಿ ಸಿಗಲಿ. ಅಂಗಡಿಯ ಮುಂದೆ ನಿಂತ ನಾವು ಜೇಬಿಗೆ ಕೈ ಹಾಕುವ ಮೊದಲು ಒಂದು ಗಳಿಗೆ ಯೋಚಿಸೋಣ. ಆ ಮೂಕಪ್ರಾಣಿಗೆ ದೂರು ಕೊಡಲು ಬಾಯಿಲ್ಲ. ನಮಗಿದೆ. ಅದನ್ನು ಬಳಸದೆ ಬರೇ ಹಣ ಬಳಸಿದರೆ ಸುಖವಾಗಿರುವವನು ವ್ಯಾಪಾರಿ ಮಾತ್ರ.