ಸಿಗಾರಿನ ಕುಲ, ಬೀಡಿಯ ಕುಲ



ಹೊರನಾಡುಗಳಲ್ಲಿ ನೆಲೆಸಿ ಹೆಸರು ಗಳಿಸಿರುವ ನಮ್ಮ ಕೆಲವು ಹಳೆಯ ವಿದ್ಯಾರ್ಥಿಗಳಿಗೆ ಈಗ ಸಿಗಾರಿನ ರಸಾಸ್ವಾದದ ಗೀಳು ಹತ್ತಿದೆ. ಕೋಕೋ, ದೇವದಾರು, ಹದಗೊಳಿಸಿದ ತೊಗಲು ಎಂದು ಹೊಗೆಯಲ್ಲಿ ಪರಿಮಳಗಳನ್ನು ಎಣಿಸುತ್ತಾರೆ. ಎಲೆ ಯಾವ ಕಣಿವೆಯದು, ಎಷ್ಟು ವರ್ಷ ಮಾಗಿದ್ದು ಎಂದು ವಂಶಾವಳಿ ಒಪ್ಪಿಸುತ್ತಾರೆ. ಅವರೇ ರಜೆಗೆ ಬಂದಾಗ ಯಾದಗಿರಿ ನಿಲ್ದಾಣದಲ್ಲಿ ಬೀಡಿ ಸೇದುವ ಹಮಾಲನನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ಅಭಿರುಚಿ, ಇನ್ನೊಂದು ದುಶ್ಚಟ! ಈ ಪಂಕ್ತಿಭೇದವನ್ನು ನಾನು ಒಪ್ಪಲಾರೆ.

ಸಿಗಾರು ಸುತ್ತುವವರ ಕೈಚಳಕವನ್ನು ನಾನು ಹಳಿಯುತ್ತಿಲ್ಲ. ಒಳಹೂರಣ, ಕಟ್ಟೆಲೆ, ಹೊದಿಕೆಯೆಲೆ ಎಂದು ಮೂರು ಬಗೆಯ ಎಲೆಗಳನ್ನು ಆರಿಸಿ, ರಾಶಿ ಹಾಕಿ ಹುದುಗಿಸಿ, ಹದವರಿತು ಸುತ್ತುವುದು ವರ್ಷಗಳ ಅಭ್ಯಾಸ ಬೇಡುವ ವಿದ್ಯೆ. ಕ್ಯೂಬಾದ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಬೆಳೆಯಿತು: ಕೆಲಸಗಾರರು ತಮ್ಮ ಕೂಲಿಯಿಂದಲೇ ಹಣ ಕೂಡಿಸಿ ಓದುಗನೊಬ್ಬನನ್ನು ಗೊತ್ತುಮಾಡಿಕೊಂಡು, ಎಲೆ ಸುತ್ತುತ್ತಲೇ ವೃತ್ತಪತ್ರಿಕೆ, ಕಾದಂಬರಿಗಳನ್ನು ಕೇಳುತ್ತಿದ್ದರು. ಮೊಂಟೆಕ್ರಿಸ್ಟೊ ಎಂಬ ಪ್ರಸಿದ್ಧ ಸಿಗಾರಿಗೆ ಆ ಹೆಸರು ಬಂದುದು ಡ್ಯೂಮಾನ ಕಾದಂಬರಿಯಿಂದ. ಮೇಷ್ಟರ ಮನಸ್ಸು ಕರಗಲು ಇಷ್ಟು ಸಾಕು. ಆದರೆ ರಸಿಕರ ವಂಶಾವಳಿಯಲ್ಲಿ ಈ ಕೆಲಸಗಾರನಿಗೆ ಎಷ್ಟು ಜಾಗವಿದೆ?

ಮೂಲವನ್ನು ಹೇಳುವುದಾದರೆ ಪೂರ್ತಿಯಾಗಿ ಹೇಳಬೇಕು. ಅದರ ಒಂದು ಎಳೆ ನಮ್ಮ ಮನೆಯ ಮುಂದೆಯೇ ಹಾದುಹೋಗಿದೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಮೊದಲ ಆದಿಲಶಾಹಿ ಸುಲ್ತಾನರ ಸಮಾಧಿಗಳಿವೆ. ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಆ ವಂಶದ ರಾಜಧಾನಿ ಬಿಜಾಪುರಕ್ಕೆ 17ನೆಯ ಶತಮಾನದ ಆರಂಭದಲ್ಲಿ ಬಂದ ಮೊಗಲ್ ರಾಯಭಾರಿ ಅಸದ್ ಬೇಗ್, ತಾನು ಹಿಂದೆಂದೂ ಕಂಡಿರದ ತಂಬಾಕನ್ನು ಇಲ್ಲಿ ಕಂಡು, ಅಲಂಕೃತ ಕೊಳವೆಯೊಡನೆ ಅಕ್ಬರನಿಗೆ ಒಯ್ದು ಅರ್ಪಿಸಿದ. ಬಾದಶಹ ಕೆಲವು ಸಲ ಸೇದಿದ. ನಮ್ಮ ಪಂಡಿತರು ಪರೀಕ್ಷಿಸದ ವಸ್ತುವಿದು ಎಂದು ಆಸ್ಥಾನವೈದ್ಯ ತಡೆದ, ಅಕ್ಬರ್ ರೂಢಿಮಾಡಿಕೊಳ್ಳಲಿಲ್ಲ. ಆದರೆ ಅಮೀರರು ಬಯಸಿದರು, ವರ್ತಕರು ತಂದು ಮಾರಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸುವಷ್ಟರಲ್ಲಿ ಹೊಗೆ ಎಲ್ಲೆಡೆ ಹಬ್ಬಿತ್ತು. ಅಮೀರರ ಅಭಿರುಚಿಯೇ ಕೆಳಗಿಳಿದು ಬಡವರ ಚಟವಾಯಿತು. ಇಂದು ಹಮಾಲನನ್ನು ಹಳಿಯುವವರು ಇದನ್ನು ಮರೆತಿದ್ದಾರೆ.

ಇನ್ನು ನಿಪ್ಪಾಣಿ. ಬೀಡಿ ತಂಬಾಕಿನ ಆ ಊರಿನಲ್ಲಿ ನ್ಯಾಯವಾದ ಬೆಲೆ ಕೇಳಿದ ರೈತರ ಮೇಲೆ 1981ರಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ಅಲ್ಲಿನ ವಖಾರಿಗಳಲ್ಲಿ ಎಲೆ ಬಡಿದು, ಜರಡಿ ಹಿಡಿದು, ಆ ಘಾಟನ್ನೇ ಉಸಿರಾಡುತ್ತ ದುಡಿದ ಹೆಂಗಸರು ಸಂಘ ಕಟ್ಟಿದ ಕಥೆಯನ್ನು ‘ಯುಗಾಂತರ್’ ಬಳಗ 1982ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಒದ್ದೆ ಎಲೆ ಕೊಯ್ಯುವವನಿಗೆ ಚರ್ಮದ ಮೂಲಕವೇ ನಿಕೋಟಿನ್ ಏರಿ ವಾಂತಿ, ತಲೆಸುತ್ತು ಬರುವುದುಂಟು. ಅದು ಎಲ್ಲ ದೇಶಗಳ ತಂಬಾಕಿಗೂ ಅನ್ವಯ. ಕೋಕೋ ಪರಿಮಳ ಹಿಡಿಯುವ ಮೂಗಿಗೆ ಈ ಘಾಟು ತಾಗುವುದಿಲ್ಲವೇ? 1966ರಲ್ಲಿ ನಮ್ಮ ಸಂಸತ್ತು ಈ ಕೆಲಸಗಾರರಿಗಾಗಿ ಕಾಯ್ದೆ ಮಾಡಿದಾಗ ಬೀಡಿ, ಸಿಗಾರುಗಳೆರಡನ್ನೂ ಒಂದೇ ಶೀರ್ಷಿಕೆಯಡಿ ಕೂರಿಸಿತು.

“ನಾವು ಹೊಗೆ ನುಂಗುವುದಿಲ್ಲ ಸರ್, ಬಾಯಲ್ಲಾಡಿಸಿ ಬಿಡುತ್ತೇವೆ” ಎಂಬುದು ಅವರ ಕಡೆಯ ವಾದ. ಸಿಗಾರಿನ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕಿಳಿಯುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕೆಟ್ ಸಿಗರೇಟಿನಷ್ಟು ತಂಬಾಕಿರಬಹುದು. ಬಾಯಿ, ಗಂಟಲು, ಅನ್ನನಾಳದ ಅರ್ಬುದಕ್ಕೆ ಅದೂ ಕಾರಣ. ಸುರಪುರದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ 1839ರ ಠಗ್ಗರ ಕಾದಂಬರಿಯಲ್ಲಿ, ಪ್ರಯಾಣಿಕನ ಕೊರಳಿಗೆ ಬಟ್ಟೆ ಬಿಗಿಯಲು ಕೊಡುವ ಸಂಕೇತ ‘ತಂಬಾಕು ತಾ’ ಎಂಬುದೇ!

ಈ ಸಲ ರಜೆಗೆ ಬರುವವರು ನನಗೆಂದು ಆ ಚಂದದ ಮರದ ಪೆಟ್ಟಿಗೆಯನ್ನು ತರುವುದಾದರೆ, ದಯವಿಟ್ಟು ಖಾಲಿಯದನ್ನೇ ತನ್ನಿ. ಪೆನ್ನುಗಳನ್ನಿಡಲು ಆದೀತು.