ಕೆರ್ರಿ ಕೌಂಟಿಯ ಪರಿಚಯ ಲೇಖನ ಮತ್ತು ಓದುಗರ ಆಕ್ಷೇಪ

ಪ್ರದೇಶವೊಂದರ ಪರಿಚಯ ಲೇಖನವನ್ನು ಪರಿಷ್ಕರಿಸುವಾಗ ಓದುಗರ ಪ್ರತಿಕ್ರಿಯೆಯನ್ನು ತಪ್ಪೊಪ್ಪುಗಳ ಪಟ್ಟಿಯೆಂದಷ್ಟೇ ಭಾವಿಸುವ ರೂಢಿಯಿದೆ. ಐರ್ಲೆಂಡಿನ ಕೆರ್ರಿ ಕೌಂಟಿಯ ಮಟ್ಟಿಗೆ ಈ ರೂಢಿ ಸಾಲದು. ಅಲ್ಲಿನ ಡಿಂಗಲ್ ಪಟ್ಟಣವು ಐರಿಷ್ ಭಾಷಾವಲಯಕ್ಕೆ ಸೇರಿದ್ದರಿಂದ 2005ರಲ್ಲಿ ಜಾರಿಗೆ ಬಂದ ಸರಕಾರಿ ಆದೇಶವು ‘ಅನ್ ಡ್ಯಾಂಗನ್’ ಎಂಬ ಹೆಸರೊಂದನ್ನೇ ಅಧಿಕೃತಗೊಳಿಸಿತು. 2006ರ ಜನಮತಗಣನೆಯಲ್ಲಿ ನಿವಾಸಿಗಳು ಭಾರೀ ಬಹುಮತದಿಂದ ದ್ವಿಭಾಷಿಕ ಹೆಸರನ್ನು ಬಯಸಿದರು. 2011ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಇದನ್ನು ಐರಿಷ್ ಭಾಷೆಯ ಮೇಲಿನ ವೈರವೆನ್ನಲಾಗದು. ಅವರು ಕೇಳಿದ ಹೆಸರಿನಲ್ಲಿ ‘ಡ್ಯಾಂಗನ್ ಈ ಖೂಶ್’ ಎಂಬ ಐರಿಷ್ ರೂಪವೂ ಇದ್ದಿತು. ಸ್ಥಳನಾಮ ಅಧ್ಯಯನದಲ್ಲಿ ತೊಡಗಿದವರಿಗೆ ಈ ಸೂಕ್ಷ್ಮ ಹೊಸದೇನಲ್ಲ. ಆದುದರಿಂದ ಸ್ಥಳೀಯ ಓದುಗನೊಬ್ಬ ಹೆಸರನ್ನು ಆಕ್ಷೇಪಿಸಿದಾಗ ಸಂಪಾದಕನು ಸದ್ದಿಲ್ಲದೆ ಒಂದನ್ನು ಅಳಿಸಿ ಇನ್ನೊಂದನ್ನು ಕೂರಿಸುವುದು ಪರಿಷ್ಕರಣೆಯೆನಿಸದು. ಈ ಮೂರೂ ವರ್ಷಗಳ ವಿವರದೊಡನೆ ಆ ಆಕ್ಷೇಪವನ್ನು ಲೇಖನದ ಒಡಲಲ್ಲೇ ದಾಖಲಿಸುವುದು ನನಗೆ ಯುಕ್ತವಾಗಿ ಕಾಣುತ್ತದೆ.