‘ವಿಸಿಟ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಅಲ್ಲೇ ಆಗುತ್ತೆ’ ಎಂಬ ಮಾತು ಎಷ್ಟು ನಿಜ?

“ದುಬೈಗೆ ಡ್ರೈವರ್, ಹೆಲ್ಪರ್ ಬೇಕಾಗಿದ್ದಾರೆ. ಈಗ ವಿಸಿಟ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಅಲ್ಲೇ ಆಗುತ್ತೆ.” ಇಂಥ ಫಾರ್ವರ್ಡ್ ಬಾಗಲಕೋಟೆ, ಬಾದಾಮಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಿಮಗೂ ಬಂದಿರಬಹುದು. ಇಳಕಲ್‌ನ ಗ್ರಾನೈಟ್ ಕ್ವಾರಿಯಲ್ಲಿ ಯಂತ್ರ ಓಡಿಸುವವರಿಗೆ, ಹುನಗುಂದದಲ್ಲಿ ಗೌಂಡಿ ಕೆಲಸ ಮಾಡುವವರಿಗೆ ಇದನ್ನು ನೋಡಿ ಆಸೆ ಹುಟ್ಟುವುದು ಸಹಜ. ಸಾಲ ಮಾಡಿ ಏಜೆಂಟರಿಗೆ ಹಣ ಕೊಡುವ ಮೊದಲು ಈ ಮಾತನ್ನು ಪರಿಶೀಲಿಸೋಣ.

ಅರ್ಧ ನಿಜ ಯಾವುದು?

ಕಂಪನಿ ಕೆಲಸದ ಪರವಾನಗಿ ಪಡೆದರೆ, ಯುಎಇಯಲ್ಲಿ ವಿಸಿಟ್ ವೀಸಾವನ್ನು ಕೆಲಸದ ವೀಸಾಗೆ ಬದಲಿಸಿಕೊಳ್ಳಬಹುದು. ಆದರೆ ಪರವಾನಗಿ ಸಿಗುವ ಮೊದಲು ಒಂದು ದಿನ ದುಡಿದರೂ ಅದು ಕಾನೂನುಬಾಹಿರ. ಹಾಗೆ ದುಡಿಸಿಕೊಳ್ಳುವ ಮಾಲೀಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಲು 2024ರಲ್ಲಿ ಅಲ್ಲಿನ ಕಾನೂನು ತಿದ್ದುಪಡಿಯಾಗಿದೆ.

ಫಾರ್ವರ್ಡ್ ಹೇಳದ ಇನ್ನರ್ಧ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಇಂಥವರು ಯುಎಇ, ಸೌದಿ, ಕುವೈತ್, ಕತಾರ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಆಗ ಸಂಬಳದ ಕರಾರುಪತ್ರ ದಾಖಲಾಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ವಿಮೆಯೂ ಇರುತ್ತದೆ. ವಿಸಿಟ್ ವೀಸಾದಲ್ಲಿ ಹೋದವರು ಸರ್ಕಾರದ ಲೆಕ್ಕದಲ್ಲಿ ಬರೀ ಪ್ರವಾಸಿಗರು. ಕರಾರೂ ಇಲ್ಲ, ವಿಮೆಯೂ ಇಲ್ಲ. ಸಂಬಳ ಕೊಡದಿದ್ದರೆ ತೋರಿಸಲು ಒಂದು ಕಾಗದವೂ ಇರುವುದಿಲ್ಲ.

ಏಜೆಂಟರ ಮಾತು ನಂಬಿದರೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸೆಕ್ಯುರಿಟಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರನ್ನು ಉಕ್ರೇನ್ ಯುದ್ಧಭೂಮಿಗೆ ಕಳಿಸಲಾಗಿತ್ತು. ಅವರು ಊರಿಗೆ ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಕಾಯಂ ಆಗಿ ನೆಲೆಸಬಹುದೇ?

ಕೊಲ್ಲಿ ದೇಶಗಳ ಕೆಲಸದ ವೀಸಾ ಸಾಮಾನ್ಯವಾಗಿ ಆ ನೌಕರಿಗೆ ಕಟ್ಟುಬಿದ್ದದ್ದು. ಕೆಲಸ ಮುಗಿದರೆ, ಬೇರೆ ಕೆಲಸ ಸಿಗದಿದ್ದರೆ ವಾಪಸ್ ಬರಬೇಕು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಾಯಂ ವಾಸಕ್ಕೆ ಅವಕಾಶವಿದೆ. ಆದರೆ ಅಲ್ಲಿ ವಯಸ್ಸು, ಓದು, ಅನುಭವ, ಭಾಷಾ ಪರೀಕ್ಷೆಗೆ ಅಂಕ ಕೊಟ್ಟು ಆಯ್ಕೆ ಮಾಡುತ್ತಾರೆ. ‘ಗ್ಯಾರಂಟಿ ಪಿಆರ್’ ಕೊಡಿಸುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ.

ಹಣ ಕಟ್ಟುವ ಮೊದಲು ಹೀಗೆ ಮಾಡಿ

• ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಏಜೆಂಟರ ಹೆಸರು, ನೋಂದಣಿ ಸಂಖ್ಯೆ ಇದೆಯೇ ನೋಡಿ.

• ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ರಸೀದಿ ಕೇಳಿ ಪಡೆಯಿರಿ.

• ವೀಸಾದ ಮೇಲೆ ‘ವಿಸಿಟ್’, ‘ಟೂರಿಸ್ಟ್’ ಎಂದಿದೆಯೇ, ‘ಎಂಪ್ಲಾಯ್‌ಮೆಂಟ್’ ಎಂದಿದೆಯೇ ಓದಿ. ಗೊತ್ತಾಗದಿದ್ದರೆ ಓದಬಲ್ಲವರಿಗೆ ತೋರಿಸಿ.

• ಸಂದೇಹವಿದ್ದರೆ ಸರ್ಕಾರದ ಉಚಿತ ಸಹಾಯವಾಣಿ 1800 11 3090ಕ್ಕೆ ಕರೆ ಮಾಡಿ.

ಕೆಲಸದ ಫಾರ್ವರ್ಡ್ ಬಂದಾಗ ಅದರಲ್ಲಿ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲೇ ಯಾರೋ ಒಬ್ಬರು ಅದನ್ನು ನಂಬಿ ಹೊಲ ಒತ್ತೆ ಇಡಬಹುದು.